ಪದಬಂಧದ ವ್ಯಾಜ್ಯ: ಮುಂಬಯಿ ರಾಜ್ಯವೂ 301ನೆಯ ಅನುಚ್ಛೇದವೂ

ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯು ಬಹುಮಾನದ ಪದಬಂಧಗಳಿಂದ ಮುಂಬಯಿಯಲ್ಲಿ ವಿಪುಲ ಪ್ರಸಾರವನ್ನು ಪಡೆದಿತ್ತು. ಮುಂಬಯಿ ಸರಕಾರವು ಬಹುಮಾನ ಸ್ಪರ್ಧೆಗಳನ್ನು ಕುರಿತ ತನ್ನ 1948ರ ಕಾಯಿದೆಯನ್ನು 1952ರಲ್ಲಿ ತಿದ್ದಿ, ಹೊರಗೆ ಅಚ್ಚಾದ ಪತ್ರಿಕೆಗಳ ಸ್ಪರ್ಧೆಗಳಿಗೂ ಪರವಾನಗಿಯನ್ನೂ ತೆರಿಗೆಯನ್ನೂ ವಿಧಿಸಿತು. ಸ್ಪರ್ಧೆಯನ್ನು ನಡೆಸುತ್ತಿದ್ದ ಆರ್. ಎಂ. ಡಿ. ಚಮರ್‌ಬಾಗ್‌ವಾಲಾ ಅವರು ನ್ಯಾಯಾಲಯದ ಮೊರೆಹೊಕ್ಕರು. ಭಾರತದಾದ್ಯಂತ ವ್ಯಾಪಾರವು ನಿರ್ಬಾಧವಾಗಿರತಕ್ಕದ್ದೆಂಬ ಸಂವಿಧಾನದ 301ನೆಯ ಅನುಚ್ಛೇದವೇ ಅವರ ಮುಖ್ಯ ಆಧಾರ. ಉಚ್ಚ ನ್ಯಾಯಾಲಯವು ಅದನ್ನು ಮನ್ನಿಸಿತು.

1957ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ಪತ್ರಿಕೆ ಮೈಸೂರು ರಾಜ್ಯದ್ದಾದರೂ ಪ್ರವೇಶಧನ ಕಟ್ಟಿದವರು ಮುಂಬಯಿಯ ಜನ. ತೆರಿಗೆಗೆ ಅಷ್ಟು ಸಂಬಂಧ ಸಾಕು. ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರು ಋಗ್ವೇದ, ಮಹಾಭಾರತಗಳನ್ನು ಸ್ಮರಿಸಿ, ಜೂಜು ವ್ಯಾಪಾರವೇ ಅಲ್ಲವೆಂದರು. ವ್ಯಾಪಾರವಲ್ಲದುದಕ್ಕೆ 301ರ ರಕ್ಷೆಯೆಲ್ಲಿ? ಪದಬಂಧದ ವ್ಯಾಜ್ಯವು ಒಂದು ಪದದ ಅರ್ಥದಿಂದಲೇ ತೀರ್ಮಾನವಾದುದು ಸ್ವಾರಸ್ಯಕರ.

ಆದರೆ ಇದನ್ನು ರಾಜ್ಯಗಳ ಸ್ವಾಯತ್ತತೆಯ ವಿಜಯವೆನ್ನಲು ನಾವು ಹಿಂಜರಿಯಬೇಕು. ವ್ಯಾಪಾರವೆಂಬುದರಲ್ಲಿ ಸಂಶಯವೇ ಇಲ್ಲದ ಚಹಾದ ಸಾಗಣೆಯ ಮೇಲೆ ಅಸ್ಸಾಮು ಹಾಕಿದ ತೆರಿಗೆಯನ್ನು ಅದೇ ನ್ಯಾಯಾಲಯವು 1960ರಲ್ಲಿ, ರಾಷ್ಟ್ರಪತಿಗಳ ಪೂರ್ವಾನುಮತಿಯಿಲ್ಲವೆಂಬ ಕಾರಣದಿಂದ, ಅಸಿಂಧುವೆಂದು ಸಾರಿತು.