ಕ್ಷಯಾಣುವಿನ ವಂಶಶೋಧನೆಯೂ ಬೆಂಗಳೂರಿನ ಐ-3 ಫೇಜೂ

ಸಕಲೇಶಪುರ, ಆಲೂರು ಸೀಮೆಗಳ ಕಾಫಿತೋಟಗಳಲ್ಲಿ ಮಳೆಗಾಲವು ದೀರ್ಘವಾದುದು. ಬಾಗಿಲು ಕಿಟಕಿಗಳನ್ನು ಮುಚ್ಚಿಕೊಂಡ ಇಕ್ಕಟ್ಟಾದ ಲೈನುಮನೆಗಳಲ್ಲಿ ಒಬ್ಬನ ಕ್ಷಯವು ಮನೆಮಂದಿಗೆಲ್ಲ ತಗಲುವುದು ಸುಲಭ. ಚರಕಸಂಹಿತೆಯು ಚಂದ್ರನ ಕಥೆಯೊಡನೆ ವರ್ಣಿಸಿರುವ ರಾಜಯಕ್ಷ್ಮವೂ ಇದೂ ಸರ್ವಥಾ ಒಂದೇ ಎನ್ನುವುದು ಸಾಹಸವಾದೀತು, ಲಕ್ಷಣಸಾಮ್ಯವಂತೂ ಬಹಳವಾಗಿದೆ. ರೋಗಕಾರಕವಾದ ಜೀವಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ 1882ರಲ್ಲಿ ತೋರಿಸಿಕೊಟ್ಟನು.

ಅಣುವು ಗೋಚರವಾದರೂ ಅದರ ಗುಟ್ಟು ತಿಳಿಯಲಿಲ್ಲ. ದೇಹರಕ್ಷಣೆಗಾಗಿ ಅಣುಗಳನ್ನು ನುಂಗುವ ಕೋಶಗಳೊಳಗೆಯೇ ಅದು ವಾಸಿಸುವುದು. ಕಾವಲುಗಾರನ ಮನೆಯಲ್ಲಿಯೇ ಕಳ್ಳನು ಬಿಡಾರ ಹೂಡಿದಂತೆ. ಒಂದು ಎರಡಾಗಲು ಸುಮಾರು ಒಂದು ದಿನ ಬೇಕು. ಪಾತ್ರೆಯಲ್ಲಿ ಕಣ್ಣಿಗೆ ಕಾಣುವಷ್ಟು ಬೆಳೆಯಲು ವಾರಗಳೇ ಹಿಡಿಯುವುವು. ಯಾವ ಜೀನಿನಿಂದ ಯಾವ ಗುಣವೆಂದು ಅರಿಯಬೇಕಾದರೆ ಜೀನನ್ನು ಒಂದು ಅಣುವಿನಿಂದ ಇನ್ನೊಂದಕ್ಕೆ ಸಾಗಿಸುವ ಉಪಾಯವಿರಬೇಕು.

ಬ್ಯಾಕ್ಟೀರಿಯಾಗಳನ್ನು ಹಿಡಿಯುವ ವೈರಸ್ಸುಗಳಿಗೆ ಫೇಜ್ ಎಂದು ಹೆಸರು. ಇವು ತಮ್ಮ ಡಿಎನ್‌ಎಯನ್ನು ಕವಚದಲ್ಲಿ ತುಂಬುವಾಗ ಕೆಲವೊಮ್ಮೆ ಆಶ್ರಯದಾತನ ತುಣುಕನ್ನೇ ತುಂಬಿಕೊಂಡು ಬೇರೊಂದು ಅಣುವಿಗೆ ಒಯ್ಯುವುವು. ಸಾಲ್ಮೊನೆಲ್ಲಾದಲ್ಲಿ ಈ ಕ್ರಿಯೆಯನ್ನು ಜಿಂಡರ್, ಲೆಡರ್‌ಬರ್ಗ್ ಎಂಬವರು 1952ರಲ್ಲಿ ಪ್ರಕಟಿಸಿದರು. ಕ್ಷಯಾಣುವಿನ ಕುಲದಲ್ಲಿ ಅದನ್ನು ಸಾಧಿಸಿದ ಕೀರ್ತಿಯು ಬೆಂಗಳೂರಿನದು. ಜನರು ಟಾಟಾ ಇನ್‌ಸ್ಟಿಟ್ಯೂಟೆಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಸುಂದರರಾಜ್ ಮತ್ತು ಟಿ. ರಾಮಕೃಷ್ಣನ್ ಅವರು ಐ-3 ಎಂಬ ಫೇಜಿನ ಮೂಲಕ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್‌ನಲ್ಲಿ ಗುಣವಾಹನವನ್ನು ತೋರಿಸಿ 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಅಣುವು ಕ್ಷಯಾಣುವಿನ ದಾಯಾದಿ, ಸಾಧಾರಣವಾಗಿ ನಿರುಪದ್ರವಿ, ಬೇಗ ಬೆಳೆಯತಕ್ಕುದು. 1973ರಲ್ಲಿ ಅಲ್ಲಿಯೇ ಸರೋಜಾ ಮತ್ತು ಕೆ. ಪಿ. ಗೋಪಿನಾಥನ್ ಅವರು ಐಸೊನಿಯಾಜಿಡ್, ಸ್ಟ್ರೆಪ್ಟೊಮೈಸಿನ್ ಔಷಧಗಳಿಗೆ ಬಗ್ಗದಿರುವ ಗುಣವೂ ಹೀಗೆಯೇ ಸಾಗುವುದೆಂದು ತಿಳಿಸಿದರು. ಔಷಧಕ್ಕೆ ಮಣಿಯದ ಕ್ಷಯವೇ ರೋಗಿಗೆ ಮೃತ್ಯುಪ್ರಾಯವಾದುದರಿಂದ ಇದು ಕೇವಲ ಕುತೂಹಲದ ವಿಷಯವಾಗಿರಲಿಲ್ಲ.

ಅಮೆರಿಕದಲ್ಲಿ ಜೇಕಬ್ಸ್ ಮೊದಲಾದವರು 1987ರಲ್ಲಿ, ಫೇಜನ್ನೂ ಪ್ಲಾಸ್ಮಿಡ್ಡನ್ನೂ ಬೆಸೆದ ವಾಹನದಿಂದ ಹೊರಗಿನ ಡಿಎನ್‌ಎಯನ್ನು ಈ ಕುಲದ ಅಣುಗಳೊಳಗೆ ಹೊಗಿಸಿದರು. ಬೇಕಾದ ಜೀನನ್ನು ಬೇಕಾದಂತೆ ಸೇರಿಸುವ ದಾರಿಯು ಅಲ್ಲಿಂದ ತೆರೆಯಿತೆಂಬುದು ನಿಜ. ಐ-3ಕ್ಕೆ ಅಷ್ಟು ಸಾಮರ್ಥ್ಯವಿರಲಿಲ್ಲ. ಆದರೂ ಈ ಶಾಸ್ತ್ರದ ಚರಿತ್ರೆಯನ್ನು 1987ರಿಂದಲೇ ಆರಂಭಿಸುವುದು ನ್ಯಾಯವಲ್ಲ. ಐಸೊನಿಯಾಜಿಡ್ಡಿನ ಪ್ರಶ್ನೆಯನ್ನೇ ನೋಡಬಹುದು. 1992ರಲ್ಲಿ ಝಾಂಗ್ ಮೊದಲಾದವರು, ಔಷಧಕ್ಕೆ ಬಗ್ಗದ ಸ್ಮೆಗ್ಮಾಟಿಸ್‌ಗೆ ಕ್ಷಯಾಣುವಿನ ಕ್ಯಾಟ್‌ಜಿ ಎಂಬ ಜೀನನ್ನು ಸೇರಿಸಿದಾಗ ಅದು ಪುನಃ ಔಷಧಕ್ಕೆ ಬಗ್ಗಿತು. ಐಸೊನಿಯಾಜಿಡ್ಡನ್ನು ಮಾರಕರೂಪಕ್ಕೆ ತರುವುದು ಅಣುವಿನದೇ ಕಿಣ್ವವೆಂದೂ, ಆ ಜೀನು ಕೆಟ್ಟಾಗ ಔಷಧವು ನಿಷ್ಫಲವಾಗುವುದೆಂದೂ ಇದರಿಂದ ಸ್ಪಷ್ಟವಾಯಿತು.