ಕರ್ನೆಲು ಹಿಂದಿರುಗುವ ಹಾದಿ: ಒಂದು ದೋಷದ ಚರಿತ್ರೆ

ತಿದ್ದಲ್ಪಟ್ಟ ದೋಷವು ಅಲ್ಲಿಗೇ ಮುಗಿಯಿತೆಂದು ಭಾವಿಸುವುದು ವಾಡಿಕೆ. ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಗಣಕಯಂತ್ರಗಳ ಇತಿಹಾಸದ ಒಂದು ಪ್ರಸಂಗದ ಮೂಲಕ ಇಲ್ಲಿ ಪರಿಶೀಲಿಸಬಯಸುತ್ತೇವೆ.

ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನೆಲಿಗೆ ಯಂತ್ರದ ಮೇಲೆ ಪೂರ್ಣಾಧಿಕಾರವುಂಟು. ಬಳಕೆದಾರರ ಪ್ರೋಗ್ರಾಮುಗಳಿಗೆ ಅದಿಲ್ಲ. ಕಡತವನ್ನು ಓದುವುದೇ ಮೊದಲಾದ ಕಾರ್ಯಗಳಿಗೆ ಪ್ರೋಗ್ರಾಮು ಕರ್ನೆಲನ್ನು ಕರೆಯುತ್ತದೆ; ಕರ್ನೆಲು ಕೆಲಸ ಮುಗಿಸಿ, ಅಧಿಕಾರವನ್ನು ಬಿಟ್ಟು, ಪ್ರೋಗ್ರಾಮಿಗೆ ಹಿಂದಿರುಗುತ್ತದೆ. ಹೀಗೆ ಶೀಘ್ರವಾಗಿ ಹಿಂದಿರುಗಲು ಎಎಂಡಿ ಸಂಸ್ಥೆಯು ತನ್ನ 64 ಬಿಟ್ ಪ್ರೊಸೆಸರುಗಳಲ್ಲಿ ‘ಸಿಸ್‌ರೆಟ್’ ಎಂಬ ಆದೇಶವನ್ನು ಅಳವಡಿಸಿತು. ಆ ವರ್ಗದ ಆಪ್ಟೆರಾನ್ 2003ರಲ್ಲಿ ಹೊರಬಂದಿತು. 2004ರಲ್ಲಿ ಇಂಟೆಲ್ ಸಂಸ್ಥೆಯೂ ಅದೇ ಮಾದರಿಯನ್ನು ಅನುಸರಿಸಿತು.

ಆದರೆ ಈ ಅನುಸರಣೆಯಲ್ಲಿ ಒಂದು ಸೂಕ್ಷ್ಮ ಭೇದವಿದ್ದಿತು. ಆ ಪ್ರೊಸೆಸರುಗಳ ವಿಳಾಸದಲ್ಲಿ ಮೊದಲ 48 ಬಿಟ್ಟುಗಳಷ್ಟೇ ಸಾರ್ಥಕವಾದವು. ಮೇಲಿನ 16 ಬಿಟ್ಟುಗಳು 48ನೆಯ ಬಿಟ್ಟಿನ ಪ್ರತಿಗಳಾಗಿರಬೇಕು. ಹಿಂದಿರುಗುವ ವಿಳಾಸವು ಈ ನಿಯಮವನ್ನು ಮೀರಿದರೆ ಎಎಂಡಿ ಪ್ರೊಸೆಸರು ಅಧಿಕಾರವನ್ನು ಬಿಟ್ಟ ಬಳಿಕ ತಪ್ಪನ್ನು ಸಾರುತ್ತಿತ್ತು. ಇಂಟೆಲ್ ಪ್ರೊಸೆಸರಾದರೋ ಬಿಡುವುದಕ್ಕೆ ಮೊದಲೇ ಸಾರುತ್ತಿತ್ತು. ಅಷ್ಟರಲ್ಲಿ ಕರ್ನೆಲು ತನ್ನ ಸ್ಟ್ಯಾಕನ್ನು ತೊರೆದು ಪ್ರೋಗ್ರಾಮಿನ ಸ್ಟ್ಯಾಕಿಗೆ ಬಂದಿರುತ್ತಿತ್ತು. ಆದಕಾರಣ ಪ್ರೋಗ್ರಾಮು ತೋರಿಸಿದ ಸ್ಥಳದಲ್ಲಿ ಪೂರ್ಣಾಧಿಕಾರದಿಂದಲೇ ಬರವಣಿಗೆ ನಡೆಯುತ್ತಿತ್ತು. ಸಾಮಾನ್ಯ ಬಳಕೆದಾರನೊಬ್ಬನು ಇಡೀ ಯಂತ್ರವನ್ನು ವಶಪಡಿಸಿಕೊಳ್ಳಲು ಇಷ್ಟು ಸಾಕಾಗಿತ್ತು.

2006ರಲ್ಲಿ ಲಿನಕ್ಸ್ ಕರ್ನೆಲಿನ 2.6.16.5ನೆಯ ಆವೃತ್ತಿಯಲ್ಲಿ ಈ ದೋಷವನ್ನು ತಿದ್ದಲಾಯಿತು. ದಾಖಲೆಯಲ್ಲಿ ಅದು ಲಿನಕ್ಸಿನ ದೋಷವೆಂದೇ ನಮೂದಾಯಿತು. ಆರು ವರ್ಷಗಳ ತರುವಾಯ, 2012ರ ಜೂನಿನಲ್ಲಿ, ರಫಾಲ್ ವೋಯ್ಚುಕ್ ಎಂಬ ಸಂಶೋಧಕರ ಶೋಧದ ಫಲವಾಗಿ ಅದೇ ದೋಷವು ವಿಂಡೋಸ್, ಫ್ರೀಬಿಎಸ್‌ಡಿ, ಝೆನ್ ಮುಂತಾದವುಗಳಲ್ಲಿಯೂ ಇದ್ದುದು ಬಹಿರಂಗವಾಯಿತು. ಪ್ರೊಸೆಸರು ಕೈಪಿಡಿಯಲ್ಲಿ ಹೇಳಿದಂತೆಯೇ ನಡೆದಿದೆಯೆಂಬುದು ಇಂಟೆಲ್ ಸಂಸ್ಥೆಯ ಸಮಾಧಾನವಾಗಿತ್ತು. ಹಿಂದಿರುಗುವ ಮೊದಲೇ ವಿಳಾಸವನ್ನು ಪರೀಕ್ಷಿಸುವುದು, ಸಂಶಯವಿದ್ದಲ್ಲಿ ನಿಧಾನವಾದರೂ ನಿರಪಾಯವಾದ ‘ಐರೆಟ್’ ಆದೇಶವನ್ನು ಬಳಸುವುದು, ಇವೇ ಪರಿಹಾರಗಳು. ಇಷ್ಟಾದರೂ ಲಿನಕ್ಸಿನಲ್ಲಿಯೇ, ‘ಪಿಟ್ರೇಸ್’ ಎಂಬ ಶೋಧನ ಸೌಲಭ್ಯದ ಮೂಲಕ ವಿಳಾಸವನ್ನು ಬದಲಿಸುವ ಕಿರುದಾರಿಯೊಂದು ಉಳಿದಿತ್ತು. ಅದನ್ನು ಮುಚ್ಚಿದ್ದು 2014ರ ಜುಲೈಯಲ್ಲಿ.

ಈ ಮೂರು ವರ್ಷಗಳನ್ನು ಒಟ್ಟಿಗಿಟ್ಟು ನೋಡಿದರೆ, 2006ರಲ್ಲಿ ದುರಸ್ತಿಯಾದುದು ಒಂದು ಮನೆಯ ಬಾಗಿಲು ಮಾತ್ರ ಎಂದು ತೋರುತ್ತದೆ. ಅದೇ ಬಡಗಿಯ ಮಾದರಿಯನ್ನು ನಂಬಿದ ನೆರೆಮನೆಗಳ ಕಡೆಗೆ ಯಾರ ಗಮನವೂ ಹರಿಯಲಿಲ್ಲ. ದಾಖಲೆಯು ಗುಪ್ತವಾಗಿರಲಿಲ್ಲ, ಎಲ್ಲರ ಕಣ್ಣೆದುರಿಗಿದ್ದೂ ಓದುವವರಿಲ್ಲದ ಶಾಸನದಂತೆ ಅದು ನಿಂತಿತ್ತು. ದೋಷಕ್ಕೆ ಇಡುವ ಹೆಸರು ಸಂಕುಚಿತವಾದರೆ ಅದರಿಂದ ಕಲಿಯುವ ಪಾಠವೂ ಸಂಕುಚಿತವಾಗುವುದೆಂಬುದೇ ನಮ್ಮ ಅಭಿಪ್ರಾಯ.