ಟಿಕೆಟ್ ತಗೊಂಡು ನೋಡಿದ ನಮ್ಮದೇ ಕಾಡು

ಸೂರ್ಯಕಾಂತಿ ಕೊಯ್ಲು ಮುಗಿದಿತ್ತು, ಹುರುಳಿ ಚೆಲ್ಲೋಕೆ ಇನ್ನೊಂದು ಹದ ಮಳೆ ಬೇಕಿತ್ತು. ಅಂಥ ಎರಡು ದಿನದ ಬಿಡುವಲ್ಲಿ ಬೆಂಗಳೂರಿಂದ ತಂಗಿ ಮಕ್ಕಳು ಬಂದು "ಮಾಮ, ಸಫಾರಿಗೆ ಹೋಗೋಣ" ಅಂತ ಹಟ ಹಿಡಿದವು. ಬಂಡೀಪುರದ ಕಾಡಂಚಲ್ಲೇ ಹುಟ್ಟಿ ಐವತ್ತು ದಾಟಿದೆ, ಒಂದು ದಿನವೂ ದುಡ್ಡು ಕೊಟ್ಟು ಕಾಡು ನೋಡಿದವನಲ್ಲ. ನಮಗೇಕೆ ಟಿಕೆಟ್ಟು? ಆನೆ ಜೋಳಕ್ಕೆ ಬರುತ್ತೆ, ಹಂದಿ ಕಡಲೆಕಾಯಿಗೆ ಬರುತ್ತೆ, ಚಿರತೆ ನಾಯಿಗೆ ಬರುತ್ತೆ. ಸಫಾರಿ ನಮ್ಮ ಬಾಗಿಲಿಗೇ ಬರೋದು, ಅದೂ ರಾತ್ರಿ ಹೊತ್ತು.

ಆದರೂ ಹೋದೆ. ಮೇಲುಕಾಮನಹಳ್ಳಿಲಿ ಟಿಕೆಟ್ ತಗೊಂಡು ಬಸ್ ಹತ್ತಿದೆವು. ಮಳೆ ಬಿದ್ದು ಕಾಡೆಲ್ಲ ಹಸಿರು. ಆದರೆ ಬಗ್ಗಿ ನೋಡಿದರೆ ಹುಲ್ಲಿಗಿಂತ ಲಾಂಟಾನವೇ ಜಾಸ್ತಿ. ಜಿಂಕೆ ಹಿಂಡು, ಒಂದು ಮರಿ ಆನೆ ಇದ್ದ ಗುಂಪು, ನವಿಲು ಸಿಕ್ಕವು. ಒಂದು ಕಡೆ ಡ್ರೈವರ್ ಗಾಡಿ ನಿಲ್ಲಿಸಿ ಕೆಸರಲ್ಲಿ ಹುಲಿ ಹೆಜ್ಜೆ ತೋರಿಸಿದ. ಹುಲಿ ಮಾತ್ರ ಸಿಗಲಿಲ್ಲ. ಮಕ್ಕಳ ಮುಖ ಸಣ್ಣಗಾಯ್ತು.

ನನ್ನ ಮನಸ್ಸು ಬೇರೆ ಕಡೆ ಇತ್ತು. ಒಂದು ಕಟ್ಟೆ ದಾಟಿದೆವು. ನಮ್ಮ ತಾತ ಚಿಕ್ಕವರಿದ್ದಾಗ ದನಕ್ಕೆ ನೀರು ಕುಡಿಸ್ತಿದ್ದ ಜಾಗ ಅಂತ ಅವರು ಹೇಳ್ತಿದ್ದ ಗುರುತೆಲ್ಲ ಅಲ್ಲಿತ್ತು: ಬೆಟ್ಟದ ಮುಖ, ಬಂಡೆ, ಏರಿ. ನಮ್ಮ ತಾತ ದನ ಹೊಡ್ಕೊಂಡು ಹೋದ ಜಾಗವನ್ನ ಮೊಮ್ಮಗ ಬಸ್ಸಿನ ಕಿಟಕಿಯಿಂದ ನೋಡೋ ಹಾಗೆ ಹೆಂಗಾಯ್ತು ಅಂತ ಯೋಚನೆ ಹತ್ತಿತು. ಅದನ್ನೇ ಇವತ್ತು ಬರೀತಿದ್ದೀನಿ.

ಮೊದಲು ಇದು ಮೈಸೂರು ಅರಸರ ಬೇಟೆಕಾಡು. ಅರಸರೂ ಅವರ ಅತಿಥಿಗಳೂ ಶಿಕಾರಿಗೆ ಬರ್ತಿದ್ದರು. ಬ್ರಿಟಿಷರ ಕಾಲದಲ್ಲಿ ಹುಲಿ ಕೊಂದವರಿಗೆ ಇನಾಮು ಕೊಡೋ ಪದ್ಧತಿಯೂ ಇತ್ತು. ಅಂದ್ರೆ ಹುಲಿ ಆಗ ಅರಸನಿಗೆ ಆಟ, ಸರ್ಕಾರಕ್ಕೆ ಪೀಡೆ. 1931ರಲ್ಲಿ ಇದೇ ಕಾಡಲ್ಲಿ 90 ಚದರ ಕಿಲೋಮೀಟರು ಜಾಗಕ್ಕೆ ಗೆರೆ ಎಳೆದು, ಇಲ್ಲಿ ಪ್ರಾಣಿಗಳಿಗೆ ರಕ್ಷಣೆ ಅಂದರು. ಅದು ಸಾಲದು ಅಂತ 1941ರಲ್ಲಿ ಸುಮಾರು 800 ಚದರ ಕಿಲೋಮೀಟರಿಗೆ ಹಿಗ್ಗಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಅಂತ ಹೆಸರಿಟ್ಟರು. ಅದು ನಮ್ಮ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರೇ. ಹೆಸರು ನಮ್ಮ ದೇವರದು, ಗೆರೆ ಮಾತ್ರ ಅರಮನೆಯದು. ಆದರೂ ಆ ಗೆರೆ ಕಾಗದದ ಮೇಲಿತ್ತು, ನೆಲದ ಮೇಲೆ ಇರಲಿಲ್ಲ. "ದನಕ್ಕಿಷ್ಟು ಅಂತ ಕಾಸು ಕಟ್ಟುದ್ರೆ ಯಾರೂ ಕೇಳ್ತಿರ್ನಿಲ್ಲ ಕನಪ್ಪ" ಅನ್ನೋರು ತಾತ.

ದನ ಹೋಗಿ ಬರೋದು ಅಂದ್ರೆ ಬರೀ ದನ ಹೋಗಿ ಬರೋದಲ್ಲ. 1968ರಲ್ಲಿ ಈ ಕಾಡಿನ ಕಾಟಿಗಳಿಗೆ ದೊಡ್ಡರೋಗ ಬಡಿದು ಹಿಂಡುಹಿಂಡೇ ಸತ್ತವು. ದೊಡ್ಡರೋಗ ನಮ್ಮ ಹಟ್ಟಿ ದನಗಳ ರೋಗ, ಒಂದೇ ನೀರು ಒಂದೇ ಹುಲ್ಲಲ್ಲಿ ಕಾಡಿಗೂ ಹಬ್ಬೋ ರೋಗ. ಲಸಿಕೆ ಹಾಕಿ ಹಾಕಿ 2011ರಲ್ಲಿ ಅದು ಇಡೀ ಪ್ರಪಂಚದಿಂದಲೇ ತೊಲಗಿತು. ಇವತ್ತಿನ ನಮ್ಮ ಹುಡುಗರಿಗೆ ಅದರ ಹೆಸರೂ ಗೊತ್ತಿಲ್ಲ. ಕಾಡಿಂದ ನಮಗಾದ ನಷ್ಟ ನಾವು ಲೆಕ್ಕ ಹಾಕ್ತೀವಿ, ನಮ್ಮಿಂದ ಕಾಡಿಗಾದ ನಷ್ಟ ಯಾರೂ ಬರೆದಿಟ್ಟುಕೊಳ್ಳಲಿಲ್ಲ.

1972ರಲ್ಲಿ ದೇಶದ ಹುಲಿ ಎಣಿಸಿದಾಗ ಸಿಕ್ಕಿದ್ದು ಸುಮಾರು 1,800. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಇನಾಮು ಕೊಟ್ಟು ಕೊಲ್ಲಿಸಿದ ಪ್ರಾಣಿಯನ್ನ ಇನ್ನು ಮುಟ್ಟಿದರೆ ಜೈಲು. ಕಾಡೊಳಗೆ ಮರ ಕಡಿಯೋದು ನಿಂತಿತು, ದನ ಮೇಯಿಸೋದಕ್ಕೆ ಕಡಿವಾಣ ಬಿತ್ತು. 1985ರಲ್ಲಿ ಮತ್ತೆ ವಿಸ್ತರಿಸಿ ರಾಷ್ಟ್ರೀಯ ಉದ್ಯಾನ ಮಾಡಿದರು, 874 ಚದರ ಕಿಲೋಮೀಟರು. ಆಮೇಲೆ ಆನೆ ಗುಂಡಿ, ಸೋಲಾರ್ ತಂತಿ, ರೈಲು ಕಂಬಿ ಬೇಲಿ. ಕಾಗದದ ಮೇಲಿದ್ದ ಗೆರೆ ನೆಲಕ್ಕೆ ಇಳಿದದ್ದು ಹಿಂಗೆ. ಕಾಡೊಳಗೇ ಇದ್ದ ಜೇನುಕುರುಬರು, ಸೋಲಿಗರ ಪಾಲಿಗೆ ಅದು ನಮಗಿಂತ ಕಷ್ಟದ ಕತೆ. ನಾವು ಮೇವು ಕಳಕೊಂಡೆವು, ಅವರು ಮನೆ ಕಳಕೊಂಡರು.

ಈಗ ನಾವು ಸಾಮಾನ್ಯವಾಗಿ ಬಾಯಿ ಬಿಡದ ಭಾಗ. ಕಡಿವಾಣ ಬಿದ್ದ ಮೇಲೂ ದನ ನಿಲ್ಲಲಿಲ್ಲ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಬೆಳೆ ಹಾಳಾಯ್ತು, ಇಲ್ಲಿ ಕಾಫಿ ರೇಟು ಏರಿತು. ತೋಟದವರು ಗೊಬ್ಬರ ಹುಡುಕ್ಕೊಂಡು ಹಂಗಳದ ಸುತ್ತಮುತ್ತ ಬಂದರು. ಅಲ್ಲೀವರೆಗೆ ಗೊಬ್ಬರ ಅಂದ್ರೆ ನಮ್ಮ ಹೊಲಕ್ಕೆ ಅಂತ ಇತ್ತು, ಆಮೇಲೆ ಅದು ಮಾರೋ ಮಾಲಾಯ್ತು. ಹಾಲು ಕೊಡದ ದನವೂ ಸಗಣಿ ಹಾಕುತ್ತಲ್ಲ! ನಮ್ಮ ಹಟ್ಟೀಲಿ ಎಂಟಿದ್ದ ದನ ಮೂವತ್ತಾದವು. ಹಗಲು ಕಾಡಲ್ಲಿ ಮೇಯೋವು, ರಾತ್ರಿ ಕೊಟ್ಟಿಗೇಲಿ ಸಗಣಿ ಹಾಕೋವು, ಅದು ಲಾರಿ ಹತ್ತಿ ವಯನಾಡಿನ ಕಾಫಿ ಗಿಡದ ಬುಡಕ್ಕೆ ಹೋಗೋದು. ಕಾಡಿನ ಸಾರ ನಮ್ಮ ಕೊಟ್ಟಿಗೆ ಮೇಲೆ ಹಾದು ಗಡಿ ದಾಟಿತು. ಕಾಡಿಗೂ ಉಳೀಲಿಲ್ಲ, ನಮ್ಮ ಹೊಲಕ್ಕೂ ಉಳೀಲಿಲ್ಲ. ನಾವು ಆ ದುಡ್ಡಲ್ಲಿ ಯೂರಿಯಾ ತಂದೆವು, ಬೋರು ಕೊರೆಸಿದೆವು. ಆ ಬೋರು ಆರು ವರ್ಷಕ್ಕೆ ಬತ್ತಿತು. (ಆ ಲಾರಿ ಓಡ್ತಿದ್ದ ಕಾಡು ರಸ್ತೇಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್.)

ಆ ಮೂವತ್ತರಲ್ಲಿ ಒಂದನ್ನ ಒಂದು ದಿನ ಹುಲಿ ಹಿಡೀತು. ಗಬ್ಬದ ಹಸು. ಅಪ್ಪ ಸಂಜೆ ತನಕ ಯಾರ ಹತ್ರವೂ ಮಾತಾಡಲಿಲ್ಲ. ಕತ್ತಲಾದ ಮೇಲೆ ಅಟ್ಟದ ಮೇಲಿಂದ ಹತ್ತಿಗೆ ಹೊಡೆಯೋ ಔಷಧಿ ಡಬ್ಬ ಇಳಿಸಿಕೊಂಡು, ಟಾರ್ಚು ಹಿಡ್ಕೊಂಡು ಕಾಡಿನ ಕಡೆ ಹೋದರು. ನಡುರಾತ್ರಿ ವಾಪಸು ಬಂದು ಕಾಲು ತೊಳಕೊಂಡು ಮಲಗಿದರು. ಏನು ಮಾಡಿದಿರಿ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅವರು ತೀರಿಕೊಂಡು ಹನ್ನೊಂದು ವರ್ಷ ಆಯ್ತು. ಡಬ್ಬ ತುಂಬಿತ್ತೋ ಖಾಲಿ ಇತ್ತೋ ಅಂತ ಬೆಳಿಗ್ಗೆ ಎದ್ದು ಅಟ್ಟ ಹತ್ತಿ ನೋಡಬಹುದಿತ್ತು. ನೋಡಲಿಲ್ಲ.

2025ರ ಜೂನ್‌ನಲ್ಲಿ ನಮ್ಮ ಜಿಲ್ಲೆಯದೇ ಮಲೆ ಮಹದೇಶ್ವರ ಬೆಟ್ಟದ ಕಾಡಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಒಟ್ಟಿಗೆ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಹೆಣಕ್ಕೆ ವಿಷ ಹಾಕಿದ್ದರು. ಆ ಸುದ್ದಿ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಸಿಟ್ಟು ಬಂತು ಅಂತ ಬರೆದರೆ ಸುಳ್ಳಾಗುತ್ತೆ. ನನ್ನ ಕಣ್ಣ ಮುಂದೆ ಬಂದದ್ದು ಟಾರ್ಚು ಹಿಡಿದ ಅಪ್ಪ.

2022ರ ಗಣತಿಲಿ ದೇಶದಲ್ಲಿ ಅಂದಾಜು 3,682 ಹುಲಿ, ಕರ್ನಾಟಕದಲ್ಲಿ 563, ಬಂಡೀಪುರದ ಒಳಗೇ 150. ಗೆರೆ ಎಳೆದವರ ಲೆಕ್ಕದಲ್ಲಿ ಯೋಜನೆ ಗೆದ್ದಿದೆ. ಗೆಲ್ಲಬೇಕಾದ್ದೇ, ನಾನು ಬೇಡ ಅನ್ನಲ್ಲ. ಆದರೆ ಗಂಡು ಹುಲಿ ಗಡಿ ಹುಡುಕ್ಕೊಂಡು ಹೊರಡುತ್ತೆ, ಮುದಿ ಹುಲಿ ಸುಲಭದ ಬೇಟೆ ಹುಡುಕುತ್ತೆ, ಎರಡಕ್ಕೂ ಸಿಗೋದು ನಮ್ಮ ಹೊಲವೇ. ಆ ಖರ್ಚು ಕಾಡಂಚಿನವರ ಲೆಕ್ಕಕ್ಕೇ ಬರ್ತಿದೆ. ನನ್ನ ಕರುವಿನ ಪರಿಹಾರಕ್ಕೆ ಮೂರು ಸಲ ಕಚೇರಿ ಅಲೆದೆ. ಬಂದ ದುಡ್ಡಲ್ಲಿ ಒಂದು ಮೇಕೆ ಬರ್ತಿತ್ತು ಅಷ್ಟೆ.

ಆದರೂ ನನ್ನ ಮಾತು ಇಷ್ಟು. ದನ ಹೋದರೆ ಹೆಣ ಎಳೀಬೇಡಿ, ಮುಚ್ಚಬೇಡಿ. ಫೋಟೋ ತೆಗೀರಿ, ಕೂಡಲೇ ಅರಣ್ಯದವರಿಗೆ ಫೋನ್ ಮಾಡಿ, ಪಶುವೈದ್ಯರ ವರದಿ ಕೈಲಿಟ್ಟುಕೊಂಡು ಅರ್ಜಿ ಕೊಡಿ. ಪರಿಹಾರ ಕಮ್ಮಿ ಆದ್ರೆ ಎಲ್ಲರೂ ಸೇರಿ ಕೇಳೋಣ, ಒಬ್ಬೊಬ್ಬರೇ ಅಲೆಯೋದು ಬೇಡ. ಡಬ್ಬ ಮಾತ್ರ ಅಟ್ಟದಿಂದ ಇಳಿಸಬೇಡಿ. ಆ ಹೆಣವನ್ನ ಹುಲಿ ಒಂದೇ ತಿನ್ನಲ್ಲ. ಮರಿ ತಿನ್ನುತ್ತೆ, ಸೀಳುನಾಯಿ ತಿನ್ನುತ್ತೆ, ರಣಹದ್ದು ತಿನ್ನುತ್ತೆ. ಇಳಿಸಿದವನ ಮಗ ಮೂವತ್ತು ವರ್ಷ ಆದ ಮೇಲೂ ಅದನ್ನೇ ನೆನೀತಾ ಕೂರ್ತಾನೆ.

ಬಸ್ಸು ವಾಪಸು ಬಂದು ಇಳಿಯುವಾಗ ಚಿಕ್ಕವನು "ಮಾಮ, ಹುಲಿ ಯಾಕೆ ಬರಲಿಲ್ಲ?" ಅಂದ. ಅದು ನಮ್ಮನ್ನ ನೋಡಿರುತ್ತೆ ಬಿಡು ಅಂದೆ.

ಈಗ ನನ್ನ ಹತ್ರ ಇರೋದು ಎರಡು ಹಸು, ಒಂದು ಕರು, ಕಟ್ಟಿ ಮೇಯಿಸೋದು. ಗೊಬ್ಬರ ಒಂದು ಬುಟ್ಟಿಯೂ ಮಾರಲ್ಲ. ನಾಳೆ ಮಳೆ ಬಂದ್ರೆ ಹುರುಳಿ ಚೆಲ್ಲಬೇಕು. ನಿಮ್ಮ ಮನೇಲಿ ಕಾಡಿಗೆ ದನ ಹೊಡೆದ ಹಿರಿಯರು ಇನ್ನೂ ಇದ್ರೆ, ಆ ಕಟ್ಟೆಗಳ ಹೆಸರು ಕೇಳಿ ಬರೆದಿಡಿ. ಬಸ್ಸಲ್ಲಿ ಅದನ್ನ ಹೇಳೋರು ಯಾರೂ ಇಲ್ಲ.